ಐಸ್ ನಾಗಣ್ಣನ ಜರ್ಮನ್ ರೆಕಾರ್ಡುಗಳು

ಉಪ್ಪುಂದದ ಕಡಲ ಬದಿಯ ಐಸ್ ಪ್ಲಾಂಟಿನ ಅಂಗಳಕ್ಕೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಮೀನು ತುಂಬಲು ಹೊರಟ ಪಿಕಪ್ ಗಾಡಿಗಳು ಹಿಂಬದಿ ತೆರೆದುಕೊಂಡು ಸಾಲಾಗಿ ನಿಂತಿವೆ. ಪುಡಿಯಾದ ಐಸು ತಗಡಿನ ಕೊಳವೆಯಿಂದ ಗಾಡಿಯ ಪೆಟ್ಟಿಗೆಗಳಿಗೆ ಸುರಿಯುತ್ತಿದೆ. ಪಕ್ಕದಲ್ಲಿ ರಬ್ಬರ್ ಬೂಟು ಹಾಕಿ ಸಲಿಕೆ ಹಿಡಿದು ನಿಂತಿರುವ ತೆಳ್ಳಗಿನ ಮನುಷ್ಯ ಐಸನ್ನು ನೋಡುತ್ತಿಲ್ಲ, ಚಾಲಕರ ಮುಖವನ್ನೇ ನೋಡುತ್ತಿದ್ದಾರೆ. ಒಬ್ಬ ಚಾಲಕ ಬಾಯಿ ತೆರೆಯುವಷ್ಟರಲ್ಲಿ ಇವರ ಕೈ ಮೇಲೇಳುತ್ತದೆ. ಒಳಗಿನವರು ಯಂತ್ರ ನಿಲ್ಲಿಸುತ್ತಾರೆ.

ಇವರು ನಾಗು. ವಯಸ್ಸು ಅರವತ್ತನಾಲ್ಕು. ಬೈಂದೂರಿನಿಂದ ಮರವಂತೆಯವರೆಗೆ ಮೀನಿನ ವ್ಯಾಪಾರದವರಿಗೆಲ್ಲ ಐಸ್ ನಾಗಣ್ಣ. ಸೀಸನ್ನಿನಲ್ಲಿ ಈ ಪ್ಲಾಂಟಿನಿಂದ ದಿನಕ್ಕೆ ಮುನ್ನೂರು ಗಡ್ಡೆ ಐಸು ಹೊರಗೆ ಹೋಗುತ್ತದೆ. ಒಂದೊಂದು ಗಡ್ಡೆಯೂ ಐವತ್ತು ಕಿಲೋ. ಹೋದ ವರ್ಷದವರೆಗೆ ಅವುಗಳನ್ನು ತೊಟ್ಟಿಯಿಂದ ಎತ್ತಿ ಇಳಿಜಾರಿನಲ್ಲಿ ಕೆಳಗೆ ಬಿಡುವ ಕೆಲಸ ನಾಗು ಅವರದು. ಈಗ ಅವರನ್ನು ಹೊರಗಿನ ಅಂಗಳದ ಕೆಲಸಕ್ಕೆ ಹಾಕಿದ್ದಾರೆ. ಹಾಕಿಸಿಕೊಂಡವರು ಅವರೇ.

"ಒಳ್ಗೆ ನಿಲ್ಲುಕ್ ನಂಗೆ ಯೋಗ್ಯತೆ ಇಲ್ಲೆ" ಎನ್ನುತ್ತಾರೆ. ನಗುತ್ತಾ ಹೇಳುವ ಮಾತಲ್ಲ ಅದು.

ನಾನು ಹೋದದ್ದು ಪತ್ರಿಕೆಗೆ ಐಸಿನ ಕೆಲಸದ ಬಗ್ಗೆ ಬರೆಯಲು. ಚಾ ಕುಡಿಯಲು ಅವರ ಮನೆಗೆ ಹೋದಾಗ ಗೋದ್ರೇಜ್ ಕಪಾಟಿನ ಮೇಲೆ, ಹಳೆಯ ಪಂಚೆಯಲ್ಲಿ ಸುತ್ತಿದ್ದ ಚೌಕದ ಕಟ್ಟೊಂದು ಕಂಡಿತು. ಏನೆಂದು ಕೇಳಿದೆ. ಬಹಳ ಹೊತ್ತು ಅವರು ಬಿಚ್ಚಲಿಲ್ಲ. ಹೆಂಡತಿ ಮೋಹಿನಿಯವರೇ ಕೆಳಗಿಳಿಸಿ ಮುಂದಿಟ್ಟರು. ಒಳಗೆ ಒಂಬತ್ತು ಎಲ್‌ಪಿ ರೆಕಾರ್ಡುಗಳು. ಉಪ್ಪು ಗಾಳಿಗೆ ಹೊದಿಕೆಗಳ ಅಂಚು ಕಂದಿದೆ. ಎಲ್ಲವೂ ಜರ್ಮನಿಯವು.

ನಾಗು ಇಪ್ಪತ್ತೆರಡನೇ ವಯಸ್ಸಿನಲ್ಲಿ ಮುಂಬೈಗೆ ಹೋದವರು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆದರು. ಊರಿನವರೊಬ್ಬರು ಸರಕು ಹಡಗಿಗೆ ಸೇರಿಸಿದರು. ಇಂಜಿನ್ ಕೋಣೆಯಲ್ಲಿ ಚೆಲ್ಲಿದ ಎಣ್ಣೆ ಒರೆಸುವ ಕೆಲಸ. ಒಮ್ಮೆ ಹಡಗು ಹ್ಯಾಂಬರ್ಗಿನಲ್ಲಿ ನಿಂತಾಗ, ಹಳೆ ಸಾಮಾನು ಮಾರುವ ರಸ್ತೆ ಬದಿಯ ಸಂತೆಗೆ ಹೋದರು. ಆಗಷ್ಟೇ ಸಿ.ಡಿ. ಬಂದಿದ್ದ ಕಾಲ. ಜನ ತಮ್ಮ ಎಲ್‌ಪಿಗಳನ್ನು ತಂದು ಸುರಿಯುತ್ತಿದ್ದರು.

"ಚಳಿ ಮರ್ರೆ. ಯಾರ್ದೋ ಕೋಟ್ ಹಾಕಂಡ್ ನಿಂತಿದ್ದೆ. ಅಂಗ್ಡಿಯವ ಒಂದ್ ರೆಕಾರ್ಡ್ ಇಟ್ಟ. ಡ್ರಮ್ ಬಾರ್ಸುಕ್ ಸುರು ಮಾಡಿದವ ನಿಲ್ಸೂದೇ ಇಲ್ಲೆ. ನಮ್ಮ್ ಇಂಜಿನ್ ರೂಮಿನ್ ಸದ್ದ್ ಇವ್ರಿಗೆ ಹ್ಯಾಂಗ್ ಗೊತ್ತಾಯ್ತ್ ಅಂದ್ಕಂಡೆ. ಹಡಗಂಗೆ ಅದೇ ಸದ್ದಿಗೆ ತಲಿ ಸಿಡಿತಿತ್. ಇಲ್ಲ್ ಕೇಂಡ್ರೆ ಸಮಾಧಾನ."

ಎಪ್ಪತ್ತರ ದಶಕದ ಆರಂಭದಲ್ಲಿ ಜರ್ಮನಿಯ ಒಂದಷ್ಟು ತರುಣರು ಇಂಗ್ಲಿಷ್ ರಾಕಿನ ನಕಲು ಸಾಕೆಂದು ತಮ್ಮದೇ ದಾರಿ ಹಿಡಿದರು. ಮೂರು ನಿಮಿಷದ ಹಾಡಿನ ಬದಲು ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ರಚನೆ. ಒಬ್ಬರು ಡ್ರಮ್ಮನ್ನು ಗಡಿಯಾರದಂತೆ ಬಾರಿಸಿದರೆ, ಇನ್ನೊಬ್ಬರು ಡ್ರಮ್ಮನ್ನೇ ಬಿಟ್ಟು ವಿದ್ಯುತ್ ವಾದ್ಯಗಳಲ್ಲಿ ಬಾಹ್ಯಾಕಾಶ ಹುಡುಕಿದರು. ಕಾಸ್ಮಿಕ್ ಸಂಗೀತ ಎಂಬ ಹೆಸರು ಬಂದದ್ದು ಹಾಗೆ. ಇದೆಲ್ಲ ನಾಗು ಅವರಿಗೆ ಗೊತ್ತಿಲ್ಲ. ತಂಡಗಳ ಹೆಸರೂ ಗೊತ್ತಿಲ್ಲ.

"ಓದುಕ್ ಬತ್ತಿಲ್ಲೆ. ತಪ್ಪ್ ಹೇಳಿ ನಿಮ್ಮ್ ಪೇಪರಂಗೆ ನಗಾಡ್ಸ್ಕಂಬುದ್ ಬ್ಯಾಡ" ಎಂದು ಹೊದಿಕೆಯನ್ನು ಮಗುಚಿ ಹಾಕುತ್ತಾರೆ.

ಅವರು ಇಟ್ಟ ಹೆಸರುಗಳು ಬೇರೆ. ಒಂಬತ್ತರಲ್ಲಿ ನಾಲ್ಕು ಅವರ ಜೀವ. ಸಂತೆಯಲ್ಲಿ ಮೊದಲು ಕೇಳಿದ್ದು 'ಮಿಷನ್', ಇಂಜಿನ್ ಕೋಣೆಯ ಯಂತ್ರದ ನೆನಪಿಗೆ. ಎರಡನೆಯದು 'ಅಳಿವೆ'. ಹೊಳೆ ಕಡಲಿಗೆ ಸೇರುವಲ್ಲಿ ಯಾವುದು ಯಾವ ನೀರು ಎಂದು ತಿಳಿಯದ ಹಾಗೆ ಆರ್ಗನ್ನೂ ಸಿಂಥಸೈಜರೂ ಒಂದರೊಳಗೊಂದು ಹೋಗುತ್ತವೆ. ಮೂರನೆಯದು 'ಜಾಗ್ಟಿ', ದೇವಸ್ಥಾನದ ಜಾಗಟೆಯಂಥ ಕಂಚಿನ ದೊಡ್ಡ ಸದ್ದಿನ ಹಿಂದೆ ಹತ್ತಾರು ಗಂಟಲು ಒಂದೇ ಸ್ವರ ಹಿಡಿಯುವುದು. "ಅದ್ ಹಾಕಿರೆ ಮನಿಯಂಗೆ ಯಾರೋ ಸತ್ತಾಂಗ್ ಆತ್ತ್" ಎಂದು ಮೋಹಿನಿ ಒಳಗಿನಿಂದ ಹೇಳುತ್ತಾರೆ. ನಾಲ್ಕನೆಯದು 'ಕೊಳ್ಲ್', ಅಂದರೆ ಕೊಳಲು.

ರೆಕಾರ್ಡ್ ಪ್ಲೇಯರ್ ಸಿಕ್ಕಿದ್ದು ಸಾಲಿಗ್ರಾಮದ ಮೈಕ್ ಸೆಟ್ಟಿನ ರಾಜೇಂದ್ರ ಅವರಿಂದ. ಅವರೇ ಒಮ್ಮೆ ಒಂದು ಮದುವೆ ಊಟದ ಹೊತ್ತಿಗೆ ಹಾಕುತ್ತೇನೆಂದು 'ಮಿಷನ್' ಕೇಳಿ ಪಡೆದರು. ನಾಗು ಹೊಸ ಅಂಗಿ ಹಾಕಿಕೊಂಡು ಹೋದರು. ಡ್ರಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಪಂಕ್ತಿಯಿಂದ ಒಬ್ಬರು, "ಹ್ವಾಯ್, ಸೆಟ್ ಹಾಳಾಯ್ತ್ ಕಾಣಿ" ಎಂದರು. ಇಡೀ ಚಪ್ಪರ ನಕ್ಕಿತು.

"ನಾನೂ ನಗಾಡ್ದೆ. ಅದ್ ನಂದ್ ಅಂದ್ ಹೇಳ್ಲಿಲ್ಲೆ" ಎನ್ನುತ್ತಾರೆ ನಾಗು. ಅಲ್ಲಿಂದ ಮುಂದೆ ಕಟ್ಟು ಮನೆಯಿಂದ ಹೊರಗೆ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ, ಕಿಟಕಿ ಹಾಕಿಕೊಂಡು ಕೇಳುವುದು.

ಮೂರು ವರ್ಷದ ಹಿಂದೆ ಅಂಥ ಒಂದು ಭಾನುವಾರ 'ಕೊಳ್ಲ್' ಹಾಕಿದರು. ಅದರ ಎರಡನೇ ಬದಿಯಲ್ಲಿ ಗಿಟಾರಿನ ದೊಡ್ಡ ಗದ್ದಲ ಅಡಗಿದ ಮೇಲೆ ಕೊಳಲೊಂದೇ ಉಳಿಯುತ್ತದೆ. ಆ ದಿನ ಆ ಜಾಗ ಖಾಲಿ. ಮುಳ್ಳು ಬದಲಾಯಿಸಿದರು. ಆಗಲೂ ಖಾಲಿ. ಹಿಂದಿನ ದಿನ ಮೋಹಿನಿ ರೆಕಾರ್ಡುಗಳಿದ್ದ ಮೂಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.

"ನಿನ್ನ್ ಕೈಯಂಗೆ ಒಂದ್ ಸಾಮಾನ್ ಉಳಿತಿಲ್ಲೆ ಅಂದೆ. ಮಗಳ್ ಎದ್ರಿಗೇ ಅಂದೆ. ಇನ್ನೂ ಏನೇನೋ ಅಂದೆ, ಅದ್ ಬರಿಬೇಡಿ."

ಮೋಹಿನಿ ಆ ಮೂಲೆಗೆ ಕಸಬರಿಗೆ ಹಿಡಿಯುವುದನ್ನು ಬಿಟ್ಟರು. ಅಲ್ಲಿ ಧೂಳು ಕೂತಿತು, ಮಾತೂ ಕಮ್ಮಿಯಾಯಿತು. ಹೀಗೇ ಒಂದು ಮಳೆಗಾಲ ಕಳೆದ ಮೇಲೆ, ಬೈಂದೂರಿನ ಔಷಧದಂಗಡಿಯಲ್ಲಿ ಕೆಲಸ ಮಾಡುವ ಮಗಳು ದೀಕ್ಷಾ ರಜೆಯ ದಿನ ಅಪ್ಪನ ಪಕ್ಕ ಕೂತಿದ್ದಳು. ಅದೇ ರೆಕಾರ್ಡು ತಿರುಗುತ್ತಿತ್ತು. "ಅಪ್ಪಯ್ಯ, ಹಾಳಾಯ್ಲಿಲ್ಲೆ ಅಲ್ದಾ. ಕೊಳ್ಲ್ ಬಂತ್ ಕಾಣಿ, ಎಷ್ಟ್ ಚಂದ" ಎಂದಳು.

ನಾಗು ಅವರಿಗೆ ಏನೂ ಕೇಳುತ್ತಿರಲಿಲ್ಲ. "ಹೌದ್ ಹೌದ್" ಎಂದರು.

ಹಡಗಿನ ಇಂಜಿನ್ ಕೋಣೆ, ಆಮೇಲೆ ಐಸ್ ಪ್ಲಾಂಟಿನ ಕಂಪ್ರೆಸರ್. ಕಿವಿ ಅಷ್ಟಷ್ಟೇ ಹೋಗುತ್ತಿತ್ತು. ಗೊತ್ತಾದ ಮೇಲೂ ಅವರು ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಬೈದದ್ದು ತಪ್ಪೆಂದು ಒಪ್ಪಬೇಕು. ಪ್ಲಾಂಟಿನಲ್ಲೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಜನರ ತುಟಿ ನೋಡಿ ತಲೆ ಆಡಿಸುವುದನ್ನು ಕಲಿತರು. "ಕೆಪ್ಪ ಅಂದ್ ಕರ್ಸ್ಕಂಬುದಕ್ಕಿಂತ ಸುಳ್ಳ್ ಹೇಳೂದ್ ಸುಲಭ ಕಂಡ್ತ್" ಎನ್ನುತ್ತಾರೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ದೋಣಿಗಳಿಗೆ ಐಸಿನ ಅವಸರವಿದ್ದ ಒಂದು ಬೆಳಿಗ್ಗೆ. ನಾಗು ಮೇಲಿನಿಂದ ಗಡ್ಡೆ ಬಿಡುತ್ತಿದ್ದರು. ಸೀನ ಕೆಳಗೆ ಕೊಕ್ಕೆಯಲ್ಲಿ ಹಿಡಿದು ಪುಡಿ ಮಾಡುವ ಯಂತ್ರಕ್ಕೆ ನೂಕುತ್ತಿದ್ದರು. ಒಟ್ಟಿಗೆ ಹನ್ನೆರಡು ವರ್ಷ ಕೆಲಸ ಮಾಡಿದ ಜೋಡಿ. ಒಂದು ಗಡ್ಡೆ ಅಡ್ಡ ಸಿಕ್ಕಿ ಸೀನರ ಕೊಕ್ಕೆ ಕಚ್ಚಿಕೊಂಡಿತು. "ನಾಗಣ್ಣ, ನಿಲ್ಸಿ" ಎಂದು ಅವರು ಕೂಗಿದ್ದನ್ನು ಅಂಗಳದಲ್ಲಿದ್ದ ಚಾಲಕರೂ ಕೇಳಿದ್ದಾರೆ. ನಾಗು ತೊಟ್ಟಿಯ ಕಡೆಗೆ ತಿರುಗಿದ್ದರು. ಮುಂದಿನ ಗಡ್ಡೆಯನ್ನು ಬಿಟ್ಟರು. ಅದು ಜಾರಿ ಹೋಗಿ ಸೀನರ ಎಡಗಾಲನ್ನು ಯಂತ್ರದ ಕಂಬಕ್ಕೆ ಒತ್ತಿತು.

"ನಾನ್ ಇನ್ನೊಂದ್ ಗಡ್ಡೆಗೆ ಕೈ ಹಾಕಿದ್ದೆ. ತಿರ್ಗಿ ಕಂಡ್ರೆ ಕೆಳ್ಗೆ ಐಸ್ ಕೆಂಪ್ ಆಯಿತ್ತ್."

ಆಸ್ಪತ್ರೆಯಲ್ಲಿ ಕಾಲಿನ ಎರಡು ಬೆರಳು ತೆಗೆದರು. ಮಾಲಕ ಪ್ರೇಮಾನಂದ ಅವರು ಹಾಸಿಗೆಯ ಪಕ್ಕ ನಿಂತು ಏನಾಯಿತೆಂದು ಕೇಳಿದಾಗ ಸೀನ ಹೇಳಿದ್ದು ಒಂದೇ ಮಾತು, "ನಾನ್ ಕೂಗ್ಲಿಲ್ಲೆ. ನಂದೇ ತಪ್ಪ್." ನಾಗು ಅಲ್ಲೇ ಇದ್ದರು. ತುಟಿ ಓದಿದರು.

ಮರುದಿನವೂ, ಅದರ ಮರುದಿನವೂ ಗಡ್ಡೆ ಬಿಡುವ ಜಾಗದಲ್ಲೇ ನಿಂತರು. ಆ ದಿನಗಳಲ್ಲಿ ಅವರಿಗೆ ಊಟ ಸೇರುತ್ತಿರಲಿಲ್ಲ ಎಂದು ಮೋಹಿನಿ ಹೇಳುತ್ತಾರೆ.

ಆ ಭಾನುವಾರ ನಾಗು 'ಮಿಷನ್' ಹಾಕಿದರು. ಡ್ರಮ್ಮಿನ ಆ ತಳದ ಸದ್ದು ಮಾತ್ರ ತಮಗೆ ಇನ್ನೂ ಸಿಗುತ್ತದೆ ಎಂದುಕೊಂಡಿದ್ದರು. ಕಣ್ಣು ಮುಚ್ಚಿ, ಬೆರಳಲ್ಲಿ ಮೊಣಕಾಲು ಬಡಿಯುತ್ತಾ ಕೂತರು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದರೆ ಎದುರಿಗೆ ಮೋಹಿನಿ. ರೆಕಾರ್ಡಿನ ಮೇಲಿಂದ ಎತ್ತಿದ ಮುಳ್ಳಿನ ಕೋಲು ಅವರ ಕೈಯಲ್ಲಿತ್ತು. ರೆಕಾರ್ಡು ಆಗಲೇ ನಿಂತುಹೋಗಿತ್ತು. ನಾಗು ಅವರ ಬೆರಳು ಮಾತ್ರ ಬಡಿಯುತ್ತಲೇ ಇತ್ತು.

"ಎಷ್ಟ್ ಸಮಯ ಆಯ್ತ್ ಕೆಮಿ ಕೇಣದೇ?" ಎಂದು ಮೋಹಿನಿ ಕೇಳಿದರು.

ನಾಗು ಎಲ್ಲವನ್ನೂ ಹೇಳಿದರು. ಸೀನರ ಕಾಲಿನದನ್ನು ಹೇಳಿ, ಕೊನೆಗೆ, "ಆ ಕೊಳ್ಲಿನ್ ರೆಕಾರ್ಡ್ ನೀನ್ ಹಾಳ್ ಮಾಡ್ಲಿಲ್ಲೆ" ಎಂದರು.

"ನಾನ್ ಮಾಡ್ಲಿಲ್ಲೆ ಅಂದ್ ನಂಗೆ ಅವತ್ತೇ ಗೊತ್ತಿತ್" ಎಂದಷ್ಟೇ ಹೇಳಿ ಮೋಹಿನಿ ಅಡುಗೆಮನೆಗೆ ಹೋದರು. ಈ ಮಾತನ್ನು ನನಗೆ ಹೇಳುವಾಗ ನಾಗು ಅಡುಗೆಮನೆಯ ಬಾಗಿಲನ್ನು ಒಮ್ಮೆ ನೋಡಿದರು.

ಮಾರನೇ ದಿನ ಬೆಳಿಗ್ಗೆ ಮಾಲಕರ ಮುಂದೆ ನಿಂತು, ಸೀನ ಕೂಗಿದ್ದ, ನನಗೆ ಕೇಳಲಿಲ್ಲ, ಬಹಳ ಸಮಯದಿಂದ ಕೇಳುವುದಿಲ್ಲ ಎಂದರು. ಕೆಲಸ ಬಿಡುತ್ತೇನೆಂದರು. ಪ್ರೇಮಾನಂದ ಅವರಿಗೆ ಸಿಟ್ಟು ಬಂದದ್ದು ನಿಜ. "ಹೇಳಿದ್ರೆ ಅವ್ನ ಬೆರಳ್ ಉಳಿತಿತ್ ಅಲ್ದಾ ನಾಗಣ್ಣ ಅಂದೆ" ಎಂದು ಅವರು ನೆನೆಯುತ್ತಾರೆ. ಕೆಲಸದಿಂದ ತೆಗೆಯಲಿಲ್ಲ, ಅಂಗಳಕ್ಕೆ ಹಾಕಿದರು. ತೊಟ್ಟಿಯ ಮೇಲೆ ಹೊಸ ಗಂಟೆಯೊಂದರ ಜೊತೆಗೆ ಒಂದು ಕೆಂಪು ದೀಪವೂ ಬಂತು. ಕೆಳಗಿನವರು ಸ್ವಿಚ್ಚು ಒತ್ತಿದರೆ ಮೇಲಿನವರಿಗೆ ಕಾಣುತ್ತದೆ.

ನಾಗು ಅವರ ಕಿವಿಯಲ್ಲಿ ಈಗ ಸಣ್ಣ ಯಂತ್ರವಿದೆ. ಕುಂದಾಪುರದ ಶಿಬಿರವೊಂದರಲ್ಲಿ ಕೊಟ್ಟದ್ದು. ಅದರಲ್ಲಿ 'ಅಳಿವೆ' ಕೇಳಿದರೆ ತಗಡಿನ ಡಬ್ಬ ಎಳೆದಂತೆ ಕೇಳುತ್ತದಂತೆ. ಆದ್ದರಿಂದ ಭಾನುವಾರ ಅದನ್ನು ತೆಗೆದಿಟ್ಟು, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂರುತ್ತಾರೆ. ಈಗ ಕಿಟಕಿ ಹಾಕುವುದಿಲ್ಲ.

ಸೀನ ಮೂರು ತಿಂಗಳ ನಂತರ ಕೆಲಸಕ್ಕೆ ಬಂದರು. ಸ್ವಲ್ಪ ಎಳೆದು ನಡೆಯುತ್ತಾರೆ. ಯಂತ್ರದ ಸ್ವಿಚ್ಚಿನ ಹತ್ತಿರ ಅವರಿಗೊಂದು ಸ್ಟೂಲು ಇಟ್ಟಿದ್ದಾರೆ. ಅಂದು ಕೂಗಿದ್ದಿರಾ ಎಂದು ನಾನು ಕೇಳಿದೆ. "ನೆನ್ಪಿಲ್ಲೆ ಮರ್ರೆ. ನಾಗಣ್ಣ ಬೇಕಂದೇ ಮಾಡ್ತ್ರಾ?" ಎಂದು ಎದ್ದು ಹೋದರು.

ಹನ್ನೊಂದು ಗಂಟೆಗೆ ಕೊನೆಯ ಗಾಡಿ ಹೊರಟಿತು. ಫೋಟೋಕ್ಕೆ ನಿಲ್ಲಿ ಎಂದರೆ ನಾಗು ಒಪ್ಪುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ರೆಕಾರ್ಡೋ, ಒಳ್ಳೆಯ ಕಿವಿಯ ಯಂತ್ರವೋ ಎಂದುಕೊಂಡಿದ್ದೆ. ಅವರು ಬೂಟು ಕಳಚಿ, ಒಳಗಿನ ನೀರು ಚೆಲ್ಲಿ, ಸೀನ ಹೋದ ದಿಕ್ಕಿಗೆ ನೋಡುತ್ತಾರೆ.

"ಸೀನ ನಂಗೆ ಒಂದ್ ಸಲ ಬೈಯ್ಕ್. ಎಲ್ರ ಎದ್ರಿಗೆ, ಸಮಾ ಬೈಯ್ಕ್. ಅವ ಇದ್ವರಿಗೆ ಒಂದ್ ಮಾತ್ ಅಂದವ ಅಲ್ಲ. ಬೈದ್ರೆ ಪೂರಾ ಕೇಂತಿಲ್ಲೆ, ಗೊತ್ತಿತ್ತ್. ಬಾಯಿ ಕಂಡ್ರೆ ಸಾಕ್."