ಓಬಮ್ಮನಿಗೆ ಅಂಜಿಕಿಯಂತೆ!

ಹೊಸಹಳ್ಳಿ ಹೋಬಳಿಯ ಆ ಹಟ್ಟಿಯಲ್ಲಿ ಕುರಿ ಈಯಲಾರದೆ ಒದ್ದಾಡಿದರೆ ಯಾರೂ ಮೊದಲು ಡಾಕ್ಟರಿಗೆ ಫೋನ್ ಮಾಡುವುದಿಲ್ಲ, ಓಬಮ್ಮನನ್ನು ಕೂಗುತ್ತಾರೆ. ಐವತ್ತೆರಡರ ಹೆಂಗಸು. ಸೆರಗು ಸೊಂಟಕ್ಕೆ ಸಿಗಿಸಿ, ಬಳೆ ಮೇಲಕ್ಕೇರಿಸಿ, ಮೊಣಕೈತನಕ ಎಣ್ಣೆ ಸವರಿಕೊಂಡು ಕುಕ್ಕರಗಾಲಲ್ಲಿ ಕೂತಳೆಂದರೆ ಅಡ್ಡ ಬಿದ್ದ ಮರಿಯೂ ನೆಟ್ಟಗಾಗಿ ಹೊರಗೆ ಬರುತ್ತದೆ. ಉಸಿರಾಡದ ಮರಿಯ ಮೂಗಿಗೆ ಬಾಯಿ ಹಚ್ಚಿ ಲೋಳೆ ಎಳೆದು ಉಗಿಯುತ್ತಾಳೆ. ಈದ ಮೇಲೆ ಕಸ, ಅಂದರೆ ಮಾಸು, ಬೀಳದಿದ್ದರೆ ಒಳಗೆ ಕೈ ಹಾಕಿ ಬಿಡಿಸುತ್ತಾಳೆ. ಇನ್ನು ದಿನ ತುಂಬದೆ ಕಂದು ಹಾಕಿದ ಕುರಿ ಇದ್ದರೆ, ಅವಳ ಮನೆತನದಲ್ಲಿ ಅದಕ್ಕೊಂದು ಕಟ್ಟಳೆ: ಮಕ್ಕಳ ಹೆತ್ತ ಹೆಂಗಸೇ ಬರಿಗೈಯಲ್ಲಿ ಆ ಸತ್ತ ಮರಿ ಎತ್ತಿ, ತೊಳೆದು, ಕುರಿ ಕೂಡುವ ರೊಪ್ಪದ ಹಿಂದೆ ಹೂಳಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡರೂ ತಾಯಿ ಕುರಿಗೆ ಅವಮಾನವಂತೆ. ಅವಳ ಅತ್ತೆ ಕಲಿಸಿದ್ದು ಹಾಗೆ, ಅವಳು ಸೊಸೆ ಮಂಜಮ್ಮನಿಗೆ ಕಲಿಸಿದ್ದೂ ಹಾಗೇ.

ಇಂಥ ಗಟ್ಟಿಗಿತ್ತಿಗೆ ಎರಡು ವರ್ಷದ ಹಿಂದೆ ಮೈಯಲ್ಲಿ ಏನೋ ಹೊಕ್ಕಿತು. ಹೊತ್ತು ಇಳಿಯುತ್ತಲೇ ಚಳಿ, ಆಮೇಲೆ ಬೆವರು. ಎಂಥ ಬೆವರು ಅಂತೀರಿ, ಕುಪ್ಪಸ ಹಿಂಡಿದರೆ ನೀರು ಸುರಿಯಬೇಕು. ಸೊಂಟ ಹಿಡಿದುಕೊಳ್ಳುತ್ತಿತ್ತು. ಎದೆ ಸುಮ್ಮಸುಮ್ಮನೆ ಡವಡವ ಹೊಡೆದುಕೊಂಡು, ಯಾರೋ ಸತ್ತ ಸುದ್ದಿ ಈಗ ಬಂತು, ಇನ್ನೊಂದು ಗಳಿಗೆಗೆ ಬಂತು ಅನ್ನುವಂಥ ಭಯ. ಕೂಡ್ಲಿಗಿಗೆ ಹೋದಳು, ಕೊಟ್ಟೂರಿಗೆ ಹೋದಳು, ಹಗರಿಬೊಮ್ಮನಹಳ್ಳಿಗೂ ಹೋಗಿ ಸಾಲಿನಲ್ಲಿ ನಿಂತಳು. ಹಟ್ಟಿಯಿಂದ ಪ್ಯಾಟಿಗೆ ಇರುವುದು ಬೆಳಗಿನ ಬಸ್ಸು. ಬೆಳಿಗ್ಗೆ ಮೈ ತಣ್ಣಗಿರುತ್ತಿತ್ತು. "ಸಂಜಿ ಮುಂದ ಸುಡತೈತ್ರಿ" ಅಂದರೆ ಯಾವ ಪುಣ್ಯಾತ್ಮನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಮುಟ್ಟು ನಿಲ್ಲೋ ವಯಸ್ಸು ಅಂದ, ಒಬ್ಬ ಟೆನ್ಷನ್ ಅಂದ, ಮೂರನೆಯವನು ಮುಖ ಸಹ ಎತ್ತದೆ "ಇದು ಅಂಜಿಕೆ ಕಾಯಿಲೆ, ದಿನಾ ಒಂದು ಗುಳಿಗೆ ತಗೋ" ಅಂತ ಬರೆದು ಮುಂದಿನವರನ್ನು ಕರೆದ.

ಅಂಜಿಕೆಯಂತೆ! ತೋಳ ಕುರಿಗೆ ಬಾಯಿ ಹಾಕಿದಾಗ ಒಬ್ಬಳೇ ಬಡಿಗೆ ಹಿಡಿದು ಓಡಿಸಿದವಳಿಗೆ!

ಗುಳಿಗೆ ತಿಂದಳು. ಮಂಪರು ಬಂತು, ಬೆವರು ಹೋಗಲಿಲ್ಲ. ಹಟ್ಟಿಯ ಹೆಂಗಸರು ಹಿಂದಿನಿಂದ ನಕ್ಕರು. ಗಂಡ ಜಂಬಣ್ಣ ನಗಲಿಲ್ಲ, "ಡಾಕ್ಟರೇ ಹೇಳ್ಯಾರಲ್ಲ, ತಲಿ ಕೆಡಿಸ್ಕೋಬ್ಯಾಡ" ಅಂದು ಟಗರು ಮೇಯಿಸಲು ಹೋದ. ಅವನ ಟಗರೆಂದರೆ ಸುತ್ತಲೂ ಹೆಸರು. ಹರಪನಹಳ್ಳಿ ಕಡೆಯ ತೆಲಿಗಿಯಿಂದ ಬಂದು ತಳಿಗೆ ಅಂತ ಒಯ್ಯುತ್ತಿದ್ದರು. ಮರುವರ್ಷ ಸೊಸೆ ಮಂಜಮ್ಮನಿಗೆ ನಾಲ್ಕು ತಿಂಗಳ ಬಸಿರು ಇಳಿದುಹೋಯಿತು. ಈ ಸಲ ಮತ್ತೆ ಮೂರು ತುಂಬಿತ್ತು.

ಆಗ ಬಂದವಳು ಅರ್ಚನಾ, ಮೆಡಿಕಲ್ ಕಾಲೇಜೊಂದರ ಎಳೇ ಡಾಕ್ಟರು. ವರ್ಷಕ್ಕೂ ಮೇಲೆ ಅಂಜಿಕೆಯ ಗುಳಿಗೆ ನುಂಗಿಯೂ ಗುಣವಾಗದವರನ್ನು ಹುಡುಕಿ, ಅವರ ಮೈಯಲ್ಲಿ ಯಾವುದಾದರೂ ಸೋಂಕು ಅಡಗಿ ಕೂತಿದೆಯೇ ಅಂತ ರಕ್ತ ನೋಡುವುದು ಅವಳ ಸಂಶೋಧನೆ. ಕಟ್ಟೆಯ ಮೇಲೆ ಕೂತು, ಹಾಳೆ ಬಿಚ್ಚಿ, "ಕಳೆದ ಎರಡು ವಾರದಾಗ ಎಷ್ಟು ದಿನ ಗಾಬರಿ ಆಯ್ತಮ್ಮ?" ಅಂತ ಕೇಳಿದಳು.

ಓಬಮ್ಮನ ನೆತ್ತಿ ಹತ್ತಿ ಉರಿಯಿತು. "ಬಂದವರೆಲ್ಲ ಗಾಬರಿ ಲೆಕ್ಕ ಕೇಳ್ತೀರಿ! ಜ್ವರ ಎಷ್ಟು ದಿನ ಬಂತು ಅಂತ ಒಬ್ಬರನ ಕೇಳಿರೇನು? ನನ್ನ ಮೈ ಮುಟ್ಟಿ ನೋಡಿರೇನು? ಎದ್ದೇಳು, ನಿನ್ನ ಹಾಳಿ ತಗೊಂಡು ನಡಿ!"

ಹುಡುಗಿ ಏಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. "ಜ್ವರ ಯಾವಾಗ ಬರತೈತಿ?" ಅಂದಳು. ಸಂಜೆ ಅಂದಾಗ ಸಂಜೆಯವರೆಗೂ ಅಲ್ಲೇ ಕೂತಳು. ಬಿಸಿಲು ಇಳಿದ ಮೇಲೆ ಥರ್ಮಾಮೀಟರ್ ಇಟ್ಟರೆ ನೂರಾ ಎರಡು! ಎರಡು ವರ್ಷ ಮೂರು ಊರಿನ ದವಾಖಾನೆ ತಿರುಗಿದ ಹೆಂಗಸಿನ ಬಾಯಿಗೆ ಜ್ವರದ ಕಡ್ಡಿ ಬಿದ್ದದ್ದು ಅವತ್ತೇ ಮೊದಲು. ನೀನು ಮಾಡೋ ಕೆಲಸ ಏನಮ್ಮ ಅಂತ ಅರ್ಚನಾ ಕೇಳಿದಳು. ಓಬಮ್ಮ ತನ್ನ ಕೈಗಳನ್ನು ಮುಂದೆ ಚಾಚಿ ಎಲ್ಲ ಹೇಳಿದಳು, ಎಣ್ಣೆಯಿಂದ ಹಿಡಿದು ಹೂಳುವತನಕ.

ರಕ್ತದ ಫಲಿತಾಂಶ ಎಂಟು ದಿನಕ್ಕೆ ಬಂತು. ಕಂದು ರೋಗ. ಕುರಿ ಕಂದು ಹಾಕುವಂತೆ ಮಾಡುವ ರೋಗ, ಕುರಿಯ ಕಸದಿಂದಲೋ ಹಸಿ ಹಾಲಿನಿಂದಲೋ ಮನುಷ್ಯರಿಗೆ ಬರುವಂಥದ್ದು.

"ಹಂಗಾದ್ರ ಅಂಜಿಕಿ ಸುಳ್ಳಾತಲ್ಲ?" ಅಂದಳು ಓಬಮ್ಮ.

"ಸುಳ್ಳಲ್ಲಮ್ಮ. ಹುಳ ಮೈಯಾಗ ಅಡಗಿ ಕುಂತಾಗ ಮೈ ಅದರ ಜೊತಿ ದಿನಾ ಗುದ್ದಾಡತೈತಿ. ಆ ಗುದ್ದಾಟದ ಬಿಸಿ ಮಿದುಳಿಗೂ ತಟ್ಟತೈತಿ, ಎದೆ ಹೊಡ್ಕೊಳ್ಳೋದು, ಭಯ ಆಗೋದು ಅದರಿಂದನೂ ಇರಬಹುದು. ಅಂಜಿಕಿನೂ ಖರೆ, ಜ್ವರನೂ ಖರೆ. ಒಂದು ನೋಡಿ ಇನ್ನೊಂದು ಬಿಟ್ರು." ಆರು ವಾರದ ಔಷಧಿ ಶುರುವಾಯಿತು. ಹಳೆಯ ಗುಳಿಗೆಯನ್ನು ಒಮ್ಮೆಗೇ ಬಿಡಬಾರದು, ಮೆಲ್ಲಗೆ ಇಳಿಸಬೇಕು ಅಂತಲೂ ಹೇಳಿದಳು.

ಇಲ್ಲಿಗೆ ಮುಗಿದಿದ್ದರೆ ಓಬಮ್ಮ ಆ ಮೂವರು ಡಾಕ್ಟರಿಗೆ ವಾಚಾಮಗೋಚರ ಬೈದು ತಣ್ಣಗಾಗುತ್ತಿದ್ದಳು. ಮುಗಿಯಲಿಲ್ಲ. ಕುರಿಗಳ ರಕ್ತ ತೆಗೆಯಲು ಪಶು ಆಸ್ಪತ್ರೆಯ ಸೋಮಶೇಖರ್ ಬಂದ. ಹಂದರದಡಿ ಚೀಲ ಇಳಿಸಿದವನೇ, "ಮತ್ತೊಮ್ಮೆ ಯಾಕ್ ಬೇಕಿತ್ತು ಜಂಬಣ್ಣ? ಎರಡು ವರ್ಷದ ಹಿಂದನ ನಿನ್ನ ಕುರಿಗೆ ಕಂದು ರೋಗ ಐತಿ ಅಂತ ಕಾಗದ ಕೊಟ್ಟಿದ್ನಲ್ಲ. ಕಸ ಮುಟ್ಟಬ್ಯಾಡ, ಹಸಿ ಹಾಲು ಕುಡೀಬ್ಯಾಡ ಅಂತ ಬಡ್ಕೊಂಡಿದ್ನಲ್ಲ" ಅಂದ.

ಜಂಬಣ್ಣ ಎದ್ದು ಟಗರಿನ ಹಗ್ಗ ಬಿಚ್ಚತೊಡಗಿದ.

ಓಬಮ್ಮ ಕುರಿ ಕುಡಿಯುವ ಬಾನಿಗೆ ನೀರು ಸುರಿಯುತ್ತಿದ್ದವಳು ಕೊಡ ಕೆಳಗಿಟ್ಟಳು. ಎರಡು ವರ್ಷ. ಅಷ್ಟು ದಿನದಿಂದ ಈ ಗಂಡಸು ಒಂದು ಮರಿಯನ್ನಾದರೂ ಎಳೆದಿದ್ದಾನಾ? "ನಿನ್ನ ಕೈಗುಣ ಚಲೋ, ನೀನ ಬಾ" ಅಂತ ಅವಳನ್ನೇ ಕರೆಯುತ್ತಿದ್ದ. ಮೊದಲು ಕೆಚ್ಚಲಿನಿಂದ ನೇರ ಬಾಯಿಗೆ ಹಾಲು ಕರೆದುಕೊಳ್ಳುತ್ತಿದ್ದವನು ಆಮೇಲೆ ಪಿತ್ತ ಆಗತೈತಿ ಅಂತ ಬಿಟ್ಟಿದ್ದ. ತನ್ನ ಪಾಲಿನ ಲೋಟ ಯಾರಿಗೆ ಕೊಡುತ್ತಿದ್ದ? "ಬಸುರಿ ಕುಡೀಲಿ" ಅಂತ ಮಂಜಮ್ಮನ ಮುಂದೆ ಸರಿಸುತ್ತಿದ್ದ!

ಮೂವತ್ತು ವರ್ಷ ನೀವು, ತಾವು ಅಂದವಳ ಬಾಯಲ್ಲಿ ಆಗ ಬಂದ ಮಾತು ಬೇರೆ. "ನಿನ್ನ ಕೈ ಮಾತ್ರ ಕೈಯೇನಲೇ? ನಮ್ಮವು ಕಟ್ಟಿಗಿಯೇನು? ಎಲ್ಲರೂ ನನಗ ಹುಚ್ಚಿ ಅಂದಾಗ ನಿನ್ನ ಬಾಯಿ ಬಿದ್ದುಹೋಗಿತ್ತೇನು?"

"ಸುದ್ದಿ ಹಬ್ಬಿದ್ರ ಟಗರು ಯಾರು ಒಯ್ತಾರ? ಇಷ್ಟು ವರ್ಷದ ಹೆಸರು..." ಅಂತ ಅವನು ಗೊಣಗಿದ. "ನಿಂದು ಗಟ್ಟಿ ಮೈ, ನಿನಗೇನಾಗಂಗಿಲ್ಲ ಅನ್ಕೊಂಡಿದ್ದೆ."

ಕೈಗೆ ಸಿಕ್ಕ ಬುಟ್ಟಿ ಅವನ ಮೇಲೆ ಬಿತ್ತು. ಇನ್ನೊಂದು ಬೀಳುವಷ್ಟರಲ್ಲಿ ಸೋಮಶೇಖರ್ ಅಡ್ಡ ಬಂದ. ಓಬಮ್ಮ ಹಟ್ಟಿಯ ನಡುವೆ ನಿಂತು, ತಮ್ಮ ಕುರಿಗೆ ರೋಗವಿದೆ, ತನಗೂ ಬಂದಿದೆ, ಇವತ್ತಿನಿಂದ ಯಾರೂ ಬರಿಗೈಲಿ ಕಸ ಮುಟ್ಟಬೇಡಿ, ಹಾಲು ಕಾಯಿಸದೆ ಕುಡಿಯಬೇಡಿ ಅಂತ ಗಂಟಲು ಹರಿಯುವಂತೆ ಕೂಗಿದಳು. ಹೆಸರಂತೆ ಹೆಸರು! ಸುಟ್ಟು ಹೋಗಲಿ.

ಮಾರನೇ ದಿನ ಮಂಜಮ್ಮನನ್ನು ಕರೆದುಕೊಂಡು ಅರ್ಚನಾ ಕೂತಿದ್ದ ಸರ್ಕಾರಿ ದವಾಖಾನೆಗೆ ಹೋದಳು. ಮಂಜಮ್ಮ ಓಬಮ್ಮನ ಅಣ್ಣನ ಮಗಳು. ಎತ್ತಿ ಆಡಿಸಿದ ಕೂಸು. ಹೋದ ವರ್ಷದ ಬಸಿರು ಇದರಿಂದಲೇ ಇಳಿಯಿತಾ ಅಂತ ಓಬಮ್ಮನೇ ಕೇಳಿದಳು. ಈಗ ಖಚಿತವಾಗಿ ಹೇಳಲಾಗದು, ಆದರೆ ಈ ರೋಗ ಹಾಗೆ ಮಾಡುವುದುಂಟು ಅಂದಳು ಅರ್ಚನಾ. ರೋಗ ಇದ್ದರೂ ಬಸುರಿಗೆ ಕೊಡುವಂಥ ಔಷಧಿ ಇದೆ, ಹೊತ್ತಿಗೆ ಸರಿಯಾಗಿ ಬಂದಿರಿ ಅಂತ ಧೈರ್ಯವನ್ನೂ ಹೇಳಿದಳು.

ತೋಳಿಗೆ ರಬ್ಬರು ಬಿಗಿದು ಸೂಜಿ ಚುಚ್ಚುವಾಗ ಓಬಮ್ಮ ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. "ಕೇಳಿದೇನು ಮಂಜಿ? ನಿನ್ನ ತಪ್ಪೇನೂ ಇಲ್ಲ. ಯಾರ್ಯಾರು ಏನೇನು ಅಂದ್ರಲ್ಲ, ಭಾರ ಎತ್ತಿದ್ಲು, ನೆಟ್ಟಗ ನಡಕೊಳ್ಳಿಲ್ಲ, ಬಸಿರು ನಿಲ್ಲೋ ಮೈಯಲ್ಲ ಇವಳದು ಅಂತ, ಅವರ ಬಾಯಿಗೆ ಮಣ್ಣು ಹಾಕ!"

ಮಂಜಮ್ಮ ಕೊಳವೆಯೊಳಗೆ ಏರುತ್ತಿದ್ದ ರಕ್ತವನ್ನೇ ನೋಡುತ್ತಿದ್ದಳು.

"ಬಸಿರು ನಿಲ್ಲೋ ಮೈಯಲ್ಲ ಅಂದಾಕಿ ನೀನ ಅತ್ತಿ" ಅಂದಳು.

ಬೈಯಲು ಅಲ್ಲಿ ಜಂಬಣ್ಣನಿರಲಿಲ್ಲ, ಆ ಮೂವರು ಡಾಕ್ಟರೂ ಇರಲಿಲ್ಲ. ಓಬಮ್ಮ ಬೆನ್ನ ಮೇಲಿಟ್ಟ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು.

"ಹೂಂ" ಅಂದಳು ಕಡೆಗೆ. "ನಾನ ಅಂದಿದ್ದೆ."