ಲಾಕ್ ಆಯ್ತು ಅಂದರೆ

ಮೊನ್ನೆ ಬೆಳಗ್ಗೆ ನನ್ನ ಹೆಂಡತಿ ಮೊಬೈಲಿಗೆ ಮತ್ತೆ ಮತ್ತೆ ತಪ್ಪು ನಂಬರ್ ಒತ್ತಿ, "ಅಯ್ಯೋ, ಲಾಕ್ ಆಯ್ತು ಕಣ್ರೀ!" ಎಂದು ಅಡುಗೆಮನೆಯಿಂದ ಕೂಗಿದಳು. ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು, ಬರಬೇಕಾದ್ದೇ. ಆದರೆ ನಾನೇನು ಮಾಡಲಿ, ನೀವೇ ಹೇಳಿ. ಆ ಮಾತು ಕಿವಿಗೆ ಬಿದ್ದರೆ ನನ್ನ ಕಣ್ಣ ಮುಂದೆ ನಿಲ್ಲುವವರು ಭದ್ರಾವತಿಯ ಸರೋಜಮ್ಮ.

ಎರಡು ಸಾವಿರದ ಇಸವಿ ಕಳೆದ ಹೊಸತು. ಶಿವಮೊಗ್ಗದ ಒಂದು ಆಸ್ಪತ್ರೆಯ ಮಹಡಿ ಮೇಲೆ ದೊಡ್ಡ ಡಿಶ್ ಕೂರಿಸಿದ್ದರು. ಆಲ್ಕೊಳದ ಕಡೆಯ ಬಸ್ಸಿನಿಂದಲೂ ಕಾಣುತ್ತಿತ್ತು. "ಇದರಲ್ಲಿ ಕ್ರಿಕೆಟ್ ಬರುತ್ತಾ?" ಎಂದು ಕೇಳುವವರೇ ಹೆಚ್ಚು. ಬೆಂಗಳೂರಿನ ಹೃದಯದ ಡಾಕ್ಟರು ಅಲ್ಲಿ ಕೂತೇ ಇಲ್ಲಿನ ರೋಗಿಯನ್ನು ನೋಡುವ ಏರ್ಪಾಡು ಅದು. ಕೆಳಗಿನ ಕೋಣೆಯಲ್ಲಿ ಮೋಡೆಮ್ ಎಂಬ ಚಪ್ಪಟೆ ಪೆಟ್ಟಿಗೆ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದೆಂದರೆ ದೀಪ ಹಸಿರಾಗಿದೆಯೋ ಇಲ್ಲವೋ ಎಂದು ನೋಡುವುದು. ಇಷ್ಟಕ್ಕೇ ಟೈ ಕಟ್ಟಿಕೊಂಡು ಓಡಾಡುತ್ತಿದ್ದೆ.

ಸರೋಜಮ್ಮ ಗಂಡ ರುದ್ರಪ್ಪನವರನ್ನು ಕರೆತಂದಿದ್ದರು. ಕಾರ್ಖಾನೆಯಲ್ಲಿ ಕಬ್ಬಿಣ ಎತ್ತಿದ್ದ ಮನುಷ್ಯನಿಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಎದೆಯ ಆಪರೇಷನ್ ಆಗಬೇಕೋ ಬೇಡವೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಅಂದೇ ಮೋಡೆಮ್ ಮುನಿಸಿಕೊಂಡಿತು. ಡಿಶ್ ತುಸು ಅಲುಗಿತ್ತೇನೋ. ಮಹಡಿಗೂ ಕೋಣೆಗೂ ಓಡಾಡಿ, ನಟ್ಟು ಸಡಿಲಿಸಿ, ಬಿಗಿದು, ಬೆವರು ಸುರಿಸಿದ ಮೇಲೆ ದೀಪ ಹಸಿರಾಯಿತು. ನಾನು ಕುಣಿದೇಬಿಟ್ಟೆ: "ಲಾಕ್ ಆಯ್ತು! ಡಾಕ್ಟ್ರೇ, ಲಾಕ್ ಆಯ್ತು!"

ಹಿಂದಿನಿಂದ ಸರೋಜಮ್ಮ ಗೊಳೋ ಎಂದು ಅಳತೊಡಗಿದರು. "ನಮ್ ಯಜಮಾನ್ರ ಎದೆ ಲಾಕ್ ಆಗಿದೆ ಅಂತ ಇಷ್ಟು ಖುಷಿಯಿಂದ ಹೇಳ್ತೀರಲ್ಲ ಸಾರ್, ನೀವೇನ್ ಮನುಷ್ಯರಾ?" ಹೊರಗಿನ ಬೆಂಚಿನಲ್ಲಿ ಬೆಳಗ್ಗಿನಿಂದ ಅವರು ಕೇಳಿಸಿಕೊಂಡದ್ದೆಲ್ಲ ಇಂಥವರಿಗೆ ಬ್ಲಾಕ್, ಅಂಥವರಿಗೆ ಬ್ಲಾಕ್ ಎಂಬ ಮಾತೇ. ಎರಡಕ್ಕೂ ನಡುವೆ ಇರುವುದು ಒಂದು ಬಕಾರ.

"ಎದೆ ಅಲ್ಲಮ್ಮ, ಈ ಪೆಟ್ಟಿಗೆ! ಆಕಾಶದ ದನೀನ ಹಿಡ್ಕೊಳ್ತು ಅಂತ ಅರ್ಥ," ಎಂದೆ. ನಂಬಲಿಲ್ಲ. ಪಾಠ ಶುರುಮಾಡಿದೆ. ಎದೆಬಡಿತವನ್ನು ಕಂಪ್ಯೂಟರು ಸೊನ್ನೆ, ಒಂದುಗಳ ಸಾಲು ಮಾಡಿ ಕೊಡುತ್ತದೆ. ಮೋಡೆಮ್ ಅದನ್ನು ಹಾಗೇ ಕಳಿಸುವುದಿಲ್ಲ. ದಾರಿಯಲ್ಲಿ ಚೂರುಪಾರು ಹಾಳಾಗುತ್ತದೆಂದು ಅದಕ್ಕೆ ಗೊತ್ತು. ಅಂಗಡಿಗೆ ಕಳಿಸುವಾಗ "ಸಕ್ಕರೆ" ಎಂದಷ್ಟೇ ಹೇಳದೆ "ಸಕ್ಕರೆ, ಬಿಳೀದು, ಕಾಫಿಗೆ" ಎನ್ನುತ್ತೇವಲ್ಲ, ಒಂದು ಮಾತು ಗದ್ದಲದಲ್ಲಿ ಮುಳುಗಿದರೂ ಉಳಿದವು ಅದನ್ನು ಮೇಲೆತ್ತಲಿ ಎಂದು? ಹಾಗೆ ಹೆಚ್ಚಿನ ಗುರುತು ಸೇರಿಸಿ, ರೇಡಿಯೋ ಅಲೆಯ ಬೆನ್ನ ಮೇಲೆ ಹೇರಿ ಕಳಿಸುತ್ತದೆ. ಮೇಲೆ ಉಪಗ್ರಹದವರೆಗೆ ಮೂವತ್ತಾರು ಸಾವಿರ ಕಿಲೋಮೀಟರ್. ಅಲ್ಲಿಂದ ಇಳಿದು ಬರುವ ದನಿ ಇದೆಯೋ ಇಲ್ಲವೋ ಎಂಬಷ್ಟು ಬಡವಾಗಿರುತ್ತದೆ. ಆಕಾಶದ ಅಷ್ಟೂ ಗುಜುಗುಜಿನಲ್ಲಿ ಇಳಿದ ಕಡೆಯ ಮೋಡೆಮ್ ತನ್ನದನ್ನು ಗುರುತಿಸಿ, ಅದರ ಲಯಕ್ಕೆ ತನ್ನ ಲಯ ಕೂಡಿಸಿ, ಹೇರನ್ನು ಇಳಿಸಿಕೊಂಡು, ತಪ್ಪು ತಿದ್ದಿ ಕೊಡುತ್ತದೆ. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು. ದಿನವೂ ಧೂಳು ಒರೆಸುತ್ತಿದ್ದ ಪೆಟ್ಟಿಗೆ ಇದೇನಾ ಎನ್ನಿಸಿತು.

ಸರೋಜಮ್ಮ ಕಣ್ಣೊರೆಸಿಕೊಂಡು ಗಂಡನ ಬೆನ್ನ ಮೇಲೆ ಕೈಯಿಟ್ಟರು. "ಅಷ್ಟು ದೂರ ಹೋಗಿ ಬರೋಷ್ಟು ಗಟ್ಟಿ ಇದೆಯಾ ಸಾರ್, ಇವ್ರ ಎದೆ?"

"ಸುಮ್ನಿರೇ ಮಾರಾಯ್ತಿ," ಎಂದರು ರುದ್ರಪ್ಪ.

ಇಲ್ಲಿನ ಡಾಕ್ಟರು ತಂತಿ ಕಟ್ಟಿದ ಸ್ಟೆತಾಸ್ಕೋಪನ್ನು ರುದ್ರಪ್ಪನವರ ಎದೆಗೆ ಒತ್ತಿದರು. ಪರದೆಯಲ್ಲಿ ಬೆಂಗಳೂರಿನ ಡಾಕ್ಟರು ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಇಲ್ಲಿ ಆಗಿಹೋದ ಬಡಿತ ಅಲ್ಲಿ ಆಗತಾನೇ ಕೇಳಿಸುತ್ತಿತ್ತು. ಕೊನೆಗೆ ಅವರು ಕಣ್ಣು ತೆರೆದರು. "ಚೆನ್ನಾಗಿ ಕೇಳ್ತು. ಎಕೋ ಸ್ಕ್ಯಾನೂ ನೋಡಿದೆ. ಆಪರೇಷನ್ ಬೇಡ, ಮಾತ್ರೆ ಸಾಕು." ಸರೋಜಮ್ಮ ಕೈಮುಗಿದದ್ದು ಪರದೆಗಲ್ಲ, ಮೋಡೆಮ್ಮಿಗೆ. ಅವರ ಪಕ್ಕದಲ್ಲಿ ನಾನೂ ಮುಗಿದೆ, ಟೈ ಸಮೇತ.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಹೆಂಡತಿಯ ಸಿಟ್ಟು ಇಳಿದಿತ್ತು. ಈಗ ನನಗೂ ಬೆಳಗಿನ ಹೊತ್ತು ಎದೆಯ ಮಾತ್ರೆಯೊಂದಿದೆ, ನೆನಪಿಸುವವಳು ಅವಳೇ. ಮಾತ್ರೆ ನುಂಗಿಸಿ, ಲೋಟ ಕೆಳಗಿಟ್ಟು, ಎಂದೂ ಇಲ್ಲದವಳು ನನ್ನ ಎದೆಗೆ ಕಿವಿಗೊಟ್ಟಳು. ನಾನು ಏನೋ ತಮಾಷೆ ಮಾಡಹೊರಟೆ.

"ಸುಮ್ನಿರಿ," ಎಂದಳು, "ಬರ್ತಾ ಇದೆ."