ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ನಡೆದ ಮ್ಯಾಚು

ನಮ್ಮ ಭಾವ ಲಿಫ್ಟ್ ರಿಪೇರಿ ಮಾಡುವವರು. ಅಕ್ಕನ ಗಂಡ ಅಂತ ನಾನು ಭಾವ ಅನ್ನುತ್ತೇನೆ, ಊರಿನ ಅರ್ಧ ಕಟ್ಟಡಗಳ ವಾಚ್‌ಮನ್‌ಗಳು ಲಿಫ್ಟಣ್ಣ ಅನ್ನುತ್ತಾರೆ. ಯಾವಾಗ ನೋಡಿದರೂ ಉಗುರಿನ ಸಂದಿಯಲ್ಲಿ ಗ್ರೀಸು, ಜೇಬಿನಲ್ಲಿ ಸ್ಪ್ಯಾನರು, ಬಾಯಲ್ಲಿ ಫುಟ್‌ಬಾಲು. ಕೆಲಸದ ವಿಷಯ ಕೇಳಿದರೆ ಎರಡು ಮಾತಿನಲ್ಲಿ ಮುಗಿಸುವ ಮನುಷ್ಯ, ಫುಟ್‌ಬಾಲ್ ಅಂದರೆ ಕೈಯಲ್ಲಿದ್ದ ಟೀ ಆರಿ ಕೆನೆ ಕಟ್ಟಿದರೂ ನಿಲ್ಲಿಸುತ್ತಿರಲಿಲ್ಲ.

ನಮ್ಮಪ್ಪ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ಸಾಕ್ಷಿಗಳು ಆಡಿದ್ದನ್ನು ಆಡಿದ ಹಾಗೇ ಬರೆದುಕೊಂಡು ಅಭ್ಯಾಸವಾಗಿ, ನಿವೃತ್ತಿಯಾದ ಮೇಲೂ ಯಾರು ಯಾವಾಗ ಏನಂದರು ಅನ್ನುವುದು ಅಕ್ಷರ ಬಿಡದೆ ನೆನಪಿರುತ್ತದೆ. ಮನೆಮಂದಿಗೆ ಇದಕ್ಕಿಂತ ದೊಡ್ಡ ಕಾಟ ಬೇಕೆ? ಅಕ್ಕ ಈ ಲಿಫ್ಟಿನವನನ್ನೇ ಮದುವೆಯಾಗುತ್ತೇನೆ ಅಂದಾಗ ಅಪ್ಪ ಮುಖ ಗಂಟು ಹಾಕಿಕೊಂಡಿದ್ದರು. ಆ ಗಂಟು ಬಿಚ್ಚಿದ್ದು ಮದುವೆ ಊಟದ ಹೊತ್ತಿಗೆ. ಯಾರೋ ಹಿಂದಿನ ದಿನದ ಮ್ಯಾಚಿನ ಸ್ಕೋರು ಕೇಳಿದರು. ಮಾವ, ಅಳಿಯ ಇಬ್ಬರೂ ಒಂದೇ ಉಸಿರಿಗೆ ಉತ್ತರ ಕೊಟ್ಟು, ಒಬ್ಬರನ್ನೊಬ್ಬರು ಮೊದಲ ಸಲ ಸರಿಯಾಗಿ ನೋಡಿದರು.

ಹಾಗಂತ ಒಮ್ಮತವೇನೂ ಇರಲಿಲ್ಲ. ಗೋಲು ಬಿಡದಿದ್ದರೆ ಸೋಲೇ ಇಲ್ಲ ಅನ್ನುವುದು ಅಪ್ಪನ ವಾದ. ಗೋಲು ಹೊಡೆಯದಿದ್ದರೆ ಮೈದಾನಕ್ಕೆ ಯಾಕೆ ಹೋಗಬೇಕು ಅನ್ನುವುದು ಭಾವನ ವಾದ. ವರ್ಷಗಟ್ಟಲೆ ಇದನ್ನೇ ಅರೆದರು. ನಾವು ಅಕ್ಕತಂಗಿಯರು ಅಡುಗೆಮನೆಯಲ್ಲಿ ಕೂತು, ಒಳ್ಳೆಯದೇ ಆಯಿತು, ಬೇರೆ ವಿಷಯಕ್ಕೆ ಜಗಳವಾಡಲು ಇವರಿಗೆ ಪುರುಸೊತ್ತಿಲ್ಲ ಅಂತ ನಗುತ್ತಿದ್ದೆವು.

ಈ ಸಲ ನಮ್ಮ ದೇಶದ ತಂಡ ಬಹಳ ವರ್ಷಗಳ ಮೇಲೆ ದೊಡ್ಡ ಟೂರ್ನಮೆಂಟಿಗೆ ಹೋಗಿತ್ತು. ಊರೇ ತಂಡದ ಬಣ್ಣ ಬಳಿದುಕೊಂಡಿತ್ತು. ಮೊದಲ ಸುತ್ತಿನ ಕೊನೆಯ ಪಂದ್ಯ, ಡ್ರಾ ಆದರೂ ಸಾಕು, ಮುಂದಿನ ಸುತ್ತು ಖಚಿತ. ಅಕ್ಕನ ಮನೆಯ ಸೋಫಾ ಸಾಲದೆ ನೆಲದ ಮೇಲೂ ಜನ. ಸ್ಕೋರು ಸಮವಾಗಿದ್ದು, ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಅಪ್ಪ ಟಿವಿಗೆ ಕೈ ಮಾಡಿ, "ಆ ಮುಂದೆ ಆಡೋವನನ್ನ ಹೊರಗೆ ಕರ್ಕೊಳ್ಳಯ್ಯ, ಇನ್ನೊಬ್ಬ ಡಿಫೆಂಡರ್‌ನ ಹಾಕು" ಅಂತ ಕೂಗಿದರು. ಕೋಚಿಗೆ ಕೇಳಿಸಿತೋ ಏನೋ, ಹಾಗೇ ಮಾಡಿದ. ಆಮೇಲೆ ಎಲ್ಲರೂ ನಮ್ಮ ಗೋಲಿನ ಮುಂದೆ ಗುಂಪುಗೂಡಿ ನಿಂತರು. ದೂರದಿಂದ ಒಬ್ಬ ಸುಮ್ಮನೆ ಒದ್ದ ಚೆಂಡು ಆ ಗುಂಪಿನ ಕಾಲುಗಳ ನಡುವಿನಿಂದ ಉರುಳಿ, ಗೋಲ್‌ಕೀಪರನ ಕೈಗೂ ಸಿಕ್ಕದೆ ಒಳಗೆ ಹೋಯಿತು. ಅಲ್ಲಿಗೆ ನಮ್ಮ ಟೂರ್ನಮೆಂಟು ಮುಗಿಯಿತು.

ಭಾವ ಎದ್ದು ನಿಂತರು. "ನಿಮ್ಮಂಥವರಿಂದಲೇ ತಂಡ ಹೀಗಾಗಿದ್ದು ಮಾವ. ಹೆದರಿ ಹೆದರಿ ಆಡೋದು. ಜೀವಮಾನದಲ್ಲಿ ಒಂದಾದ್ರೂ ರಿಸ್ಕ್ ತಗೊಂಡಿದ್ದೀರಾ?"

"ತಗೊಂಡಿದ್ದೀನಿ. ನಿಂಗೆ ಮಗಳನ್ನ ಕೊಟ್ಟೆ" ಅಂದರು ಅಪ್ಪ.

ಕೂತವರೆಲ್ಲ ಗೊಳ್ಳೆಂದರು. ಸೋತ ಸಂಕಟಕ್ಕೆ ನಗಲು ಒಂದು ನೆಪ ಬೇಕಿತ್ತು. ಭಾವ ನಗಲಿಲ್ಲ. ಟಿವಿ ಆರಿಸಿ, "ಇನ್ನು ಈ ಮನೇಲಿ ಫುಟ್‌ಬಾಲಿನ ಮಾತು ಯಾರೂ ಎತ್ತಬಾರದು. ನಾನೂ ಎತ್ತಲ್ಲ" ಅಂದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾನು ಹಿಂದೆ ಓಡಿದೆ.

ಮಾರನೇ ದಿನ ಬೀದಿಗೆ ಬೀದಿಯೇ ಮುಖ ತೊಳೆಯದೆ ಎದ್ದ ಹಾಗಿತ್ತು. ತಲೆಗೆ ತಂಡದ ಬಣ್ಣ ಹಚ್ಚಿಸಿಕೊಂಡಿದ್ದ ಬ್ಯಾಂಕಿನ ಕ್ಯಾಷಿಯರ್ ಸೆಖೆಯಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡು ಕೂತಿದ್ದ. ಬಾಲ್ಕನಿಯ ಬಾವುಟಗಳನ್ನು ಬಟ್ಟೆ ಎತ್ತಿದ ಹಾಗೆ ಎತ್ತಿ ಒಳಗೆ ಹಾಕಿದರು. ಒಂದೆರಡು ದಿನಕ್ಕೆ ಜನ ಸರಿಹೋದರು. ನಮ್ಮ ಭಾವ ಸರಿಹೋಗಲಿಲ್ಲ.

ಕೆಲಸ ಮುಗಿಸಿ ಬಂದರೆ ಮೊದಲೆಲ್ಲ ಟಿವಿ ಮುಂದೆ ಕೂತುಬಿಡುತ್ತಿದ್ದವರು ಈಗ ಮನೆಯ ಕಡೆ ಗಮನ ಕೊಡತೊಡಗಿದರು. ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು, ಅಕ್ಕ ಸಕ್ಕರೆ ಅಂತ ಟೀಗೆ ಉಪ್ಪು ಹಾಕಿದಳು. ಒಲೆಯ ಪಕ್ಕ ನಿಂತು, "ಈರುಳ್ಳಿ ಇನ್ನೂ ಸಣ್ಣಗೆ ಹೆಚ್ಚಬಹುದಿತ್ತಲ್ವಾ?" ಅಂದರಂತೆ. ಅಕ್ಕ ನನಗೆ ಫೋನ್ ಮಾಡಿ, "ಇವರನ್ನ ಯಾವುದಾದ್ರೂ ಮೈದಾನಕ್ಕೆ ಅಟ್ಟು ಕಣೇ, ಇಲ್ಲಾ ನಾನೇ ತವರಿಗೆ ಬಂದ್ಬಿಡ್ತೀನಿ" ಅಂದಳು.

ತವರಿನ ಕಥೆಯೂ ಅಷ್ಟೇ. ಅಪ್ಪನಿಗೆ ಯಾರ ಜೊತೆಗೂ ಮಾತು ಬೇಡ. ನಾನೇ ಬಾಯಿ ಬಿಟ್ಟು ಕೇಳಿದೆ, "ಭಾವನಿಗೆ ಒಂದು ಫೋನ್ ಮಾಡಬಾರದಾ?"

"ಅವನು ಏನಂದ ಗೊತ್ತಾ?" ಅಂತ ಶುರು ಮಾಡಿ ಪೂರ್ತಿ ಒಪ್ಪಿಸಿದರು. "ನೀವು ಏನಂದಿರಿ?" ಅಂದೆ. ಪೇಪರಿನ ಹಿಂದೆ ಮರೆಯಾದರು.

ನಮ್ಮ ತಂಡ ಸೋಲದಿದ್ದರೆ ಭಾನುವಾರ ಮುಂದಿನ ಸುತ್ತು ಆಡಬೇಕಿತ್ತು. ಆ ಭಾನುವಾರ ಬೆಳಗ್ಗೆ ನಾನೂ ಅಪ್ಪನೂ ತರಕಾರಿ ತಂದು ನಮ್ಮ ಕಟ್ಟಡದ ಲಿಫ್ಟ್ ಹತ್ತಿದೆವು. ಜೊತೆಗೆ ಬೇಕರಿಯಾಕೆ, ಕೈಯಲ್ಲಿ ದೊಡ್ಡ ಕೇಕಿನ ಪೆಟ್ಟಿಗೆ. ಒಂಬತ್ತನೇ ಮಹಡಿಯವರು ಗೆಲುವು ಗ್ಯಾರಂಟಿ ಅಂತ ಮೊದಲೇ ಆರ್ಡರ್ ಕೊಟ್ಟಿದ್ದರಂತೆ, ಮಾಡಿದ ಮೇಲೆ ಬೇಡ ಅನ್ನುವ ಹಾಗಿಲ್ಲವಂತೆ. ಮುಚ್ಚಳ ಎತ್ತಿ ತೋರಿಸಿದಳು. ಹಸಿರು ಮೈದಾನ, ಬಿಳಿ ಗೆರೆ, ಸಕ್ಕರೆಯಲ್ಲಿ ಮಾಡಿದ ಆಟಗಾರರು. "ಚೆನ್ನಾಗಿದೆ" ಅಂದೆ. "ಚೆನ್ನಾಗಿದ್ದು ಏನು ಬಂತು?" ಅಂತ ಆಕೆ ನಿಟ್ಟುಸಿರಿಟ್ಟಳು. ಅಷ್ಟರಲ್ಲಿ ಲಿಫ್ಟು ಜಗ್ಗಿ ನಿಂತಿತು.

ನಾಲ್ಕನೇ ಮಹಡಿ ದಾಟಿತ್ತು, ಐದು ಮುಟ್ಟಿರಲಿಲ್ಲ. ಗಂಟೆ ಒತ್ತಿದೆ. ವಾಚ್‌ಮನ್ ಕೆಳಗಿನಿಂದ, "ಲಿಫ್ಟಣ್ಣ ಬರ್ತಿದ್ದಾರೆ, ಗಾಬರಿ ಬೇಡ" ಅಂತ ಕೂಗಿದ. ನನಗೆ ಗಾಬರಿ ಇರಲಿಲ್ಲ. ತಿರುಗಿ ನೋಡಿದರೆ ಅಪ್ಪ ಗೋಡೆಗೆ ಬೆನ್ನು ಒತ್ತಿಕೊಂಡು ನಿಂತಿದ್ದಾರೆ, ಹಣೆಯಲ್ಲಿ ಬೆವರು, ತುಟಿ ಬಿಳಿ. ಮುಚ್ಚಿದ ಜಾಗ ಅಂದರೆ ಅವರಿಗೆ ಇಷ್ಟು ಭಯ ಅಂತ ಇಷ್ಟು ವರ್ಷ ನನಗೇ ತಿಳಿದಿರಲಿಲ್ಲ. "ಅಪ್ಪಾ, ಏನಾದ್ರೂ ಮಾತಾಡಿ" ಅಂದೆ. ತಲೆಯಾಡಿಸಿದರು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು.

ತಲೆಯ ಮೇಲೆ ದಬದಬ ಸದ್ದಾಯಿತು. ಲಿಫ್ಟಿನ ಚಾವಣಿಯ ಕಿಂಡಿ ತೆರೆದು ಭಾವನ ಮುಖ ಕಾಣಿಸಿತು. ನನ್ನನ್ನು ನೋಡಿದರು, ಬೇಕರಿಯಾಕೆಯನ್ನು ನೋಡಿದರು, ಕೊನೆಗೆ ಅಪ್ಪನನ್ನು ನೋಡಿದರು. ಆಮೇಲೆ ಸಂತೆಯಲ್ಲಿ ನಿಂತವರ ಹಾಗೆ ದೊಡ್ಡ ದನಿಯಲ್ಲಿ, "ಮಾವ, ನಾನು ಯೋಚನೆ ಮಾಡಿದೆ. ಆ ಗೋಲ್‌ಕೀಪರ್‌ದು ಒಂದು ಚೂರೂ ತಪ್ಪಿಲ್ಲ" ಅಂದರು.

ಅಪ್ಪ ಕಣ್ಣು ಬಿಟ್ಟರು. "ಏನಂದೆ?"

"ಚೂರೂ ತಪ್ಪಿಲ್ಲ ಅಂದೆ."

"ಕೈ ಇರೋದು ಯಾಕಯ್ಯ ಅವನಿಗೆ, ಟಾಟಾ ಮಾಡೋದಕ್ಕಾ?"

"ಮುಂದೆ ಅಷ್ಟು ಜನ ಗೋಡೆ ಕಟ್ಟಿದ್ರೆ ಅವನಿಗೆ ಚೆಂಡು ಕಾಣೋದು ಹೇಗೆ?"

"ಎಷ್ಟು ಜನ? ಎಲ್ಲಿದ್ರು? ನೀನು ನೋಡಿದ್ದೇ ತಪ್ಪು" ಅಂದವರೇ ಅಪ್ಪ ಬಗ್ಗಿ ಕೇಕಿನ ಪೆಟ್ಟಿಗೆಗೆ ಕೈ ಹಾಕಿದರು. "ಇಲ್ಲಿ ನೋಡು. ಇವನು ಇಲ್ಲಿ, ಇವನು ಇಲ್ಲಿ..."

"ಅಯ್ಯೋ, ಅದು ಆರ್ಡರ್ ಕೇಕು, ಮುಟ್ಟಬೇಡಿ!" ಬೇಕರಿಯಾಕೆ ಕೂಗಿಕೊಂಡಳು. ಯಾರು ಕೇಳುತ್ತಾರೆ? ಸಕ್ಕರೆ ಆಟಗಾರರು ಒಬ್ಬೊಬ್ಬರಾಗಿ ಜಾಗ ಬದಲಿಸಿದರು. ಭಾವ ಕಿಂಡಿಯಿಂದ ಅರ್ಧ ಮೈ ಇಳಿಬಿಟ್ಟು, "ಆ ಉದ್ದದವನನ್ನ ಎಡಕ್ಕೆ ಸರಿಸಿ ಮಾವ, ಇನ್ನೂ ಎಡಕ್ಕೆ" ಅಂತ ಸ್ಪ್ಯಾನರಿನಿಂದ ತೋರಿಸುತ್ತಿದ್ದರು. ಅಪ್ಪನ ಕೆನ್ನೆಗೆ ರಕ್ತ ಬಂದಿತ್ತು. ಬೆರಳಿಗೆಲ್ಲ ಹಸಿರು ಕ್ರೀಮು.

ಇಬ್ಬರೂ ಒಪ್ಪದೆ ಕೊನೆಗೆ ಬೇಕರಿಯಾಕೆಯ ಕಡೆ ತಿರುಗಿ, "ನೀವೇ ಹೇಳಿ, ತಪ್ಪು ಯಾರದು?" ಅಂದರು. ಆಕೆ ಅಷ್ಟು ಹೊತ್ತಿಗೆ ಕೇಕಿನ ಆಸೆ ಬಿಟ್ಟಿದ್ದಳು. ಗೋಲ್‌ಕೀಪರನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕಟಕಟ ಅಗಿದಳು.

"ಭಾವ, ಲಿಫ್ಟು!" ಅಂದೆ ನಾನು.

"ಆಂ? ಹೌದಲ್ಲ" ಅಂದರು. ಬಾಗಿಲಿನ ಒಂದು ತಂತಿ ಸಡಿಲವಾಗಿತ್ತು ಅಷ್ಟೇ. ಅದನ್ನು ಬಿಗಿಮಾಡಿ, ಮೇಲಿಂದಲೇ ಗುಂಡಿ ಒತ್ತಿ ನಮ್ಮನ್ನು ಐದಕ್ಕೆ ಮುಟ್ಟಿಸಿದರು. ಹೊರಗೆ ಬಂದ ಅಪ್ಪ ಗೋಡೆ ಹಿಡಿದು ಉದ್ದಕ್ಕೆ ಉಸಿರೆಳೆದುಕೊಂಡರು. ಭಾವ ಕೈ ಒರೆಸುತ್ತಾ ಬಂದು ಪಕ್ಕದಲ್ಲಿ ನಿಂತರು.

"ಅವತ್ತು ನಾನು ಆಡಿದ ಮಾತನ್ನ ಕಡತದಿಂದ ತೆಗೆದುಹಾಕೋಣ" ಅಂದರು ಅಪ್ಪ, ಅಳಿಯನ ಮುಖ ನೋಡದೆ.

"ಯಾವ ಮಾತು ಮಾವ?"

"ಯಾವುದು ಅಂದ್ರೆ, ಹೇಳ್ಲಾ?"

"ಬೇಡ ಬೇಡ, ಬಿಡಿ. ನಾನೂ ಬಾಯಿಗೆ ಬಂದದ್ದು ಅಂದ್ಬಿಟ್ಟೆ" ಅಂತ ಭಾವ ತರಕಾರಿ ಚೀಲ ಎತ್ತಿಕೊಂಡರು. ಉಳಿದ ಮಹಡಿಗಳನ್ನು ಇಬ್ಬರೂ ಮೆಟ್ಟಿಲಲ್ಲೇ ಹತ್ತಿದರು. ದಾರಿಯುದ್ದಕ್ಕೂ ಕೋಚಿನ ಜನ್ಮ ಜಾಲಾಡುವುದು ಕೇಳಿಸುತ್ತಿತ್ತು.

ಬೇಕರಿಯಾಕೆ ಪೆಟ್ಟಿಗೆ ಹಿಡಿದು ಒಂಬತ್ತನೇ ಮಹಡಿಗೆ ಹೋದಳು. ಅವರು ಮುಚ್ಚಳ ತೆಗೆದು, "ಗೋಲ್‌ಕೀಪರ್ ಎಲ್ಲಮ್ಮ?" ಅಂದರಂತೆ. ಈಕೆ ತಡವರಿಸುವಷ್ಟರಲ್ಲಿ ಅವರೇ, "ಇರಲಿ ಬಿಡು, ಅವತ್ತೂ ಇರಲಿಲ್ಲ" ಅಂದು ಒಳಗೆ ತೆಗೆದುಕೊಂಡರಂತೆ.

ಮಧ್ಯಾಹ್ನ ನಾನು ಭಾವನನ್ನು ಪಕ್ಕಕ್ಕೆ ಕರೆದು, ಬೇಕು ಅಂತಲೇ ಅಪ್ಪನನ್ನ ಕೆಣಕಿದಿರಾ ಅಂತ ಕೇಳಿದೆ. "ಮೊದಲನೇ ಮಾತು ಬೇಕು ಅಂತಲೇ ಆಡಿದ್ದು. ಅವರ ಮುಖ ನೋಡೋಕಾಗಲಿಲ್ಲ. ಆಮೇಲಿನದ್ದೆಲ್ಲ ತಾನಾಗೇ ಬಂತು ಕಣಮ್ಮ" ಅಂದರು.

ಸಂಜೆ ಅಕ್ಕನ ಮನೆಯಲ್ಲಿ ಟಿವಿ ಹಚ್ಚಿದರು. ನಮ್ಮವರ ಜಾಗದಲ್ಲಿ ಬೇರೆ ಯಾವುದೋ ದೇಶ ಆಡುತ್ತಿತ್ತು, ಅದರ ಆಟಗಾರರ ಹೆಸರು ನಮ್ಮಲ್ಲಿ ಒಬ್ಬರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಅಪ್ಪ ಒಂದು ತಂಡದ ಕಡೆ ಸೇರಿದರು, ಭಾವ ಇನ್ನೊಂದರ ಕಡೆ. ಅಕ್ಕ ಅಡುಗೆಮನೆಯಲ್ಲಿ ಡಬ್ಬಗಳನ್ನೆಲ್ಲ ಮೊದಲಿನ ಜಾಗಕ್ಕೆ ಇಡುತ್ತಾ, "ಸದ್ಯ, ಇವರು ಈ ಕಡೆ ತಲೆ ಹಾಕಲ್ಲ ಇನ್ನು" ಅಂದಳು.